ಹಸಿರು ಕಲ್ಲಿನ ಕುದುರೆ

ಋಷಿಮೂಲವನ್ನೂ ನದೀಮೂಲವನ್ನೂ ಕೇಳಬಾರದೆಂದು ನಮ್ಮ ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ದೊಡ್ಡತನದ ಮಾತು. ಇಂದು ತಪಸ್ವಿಯಾಗಿರುವವನ ಹುಟ್ಟುಮನೆಯನ್ನು ಕೆದಕಿ ಯಾರಿಗೇನು ಲಾಭ? ಆದರೆ ಈ ಮಾತನ್ನು ಭಕ್ತರಿಗಿಂತಲೂ ಹೆಚ್ಚಿನ ನಿಷ್ಠೆಯಿಂದ ಪಾಲಿಸಿಕೊಂಡು ಬಂದಿರುವವರು ಪ್ರಾಚೀನ ವಸ್ತುಗಳ ವ್ಯಾಪಾರಿಗಳು. ಅವರ ಅಂಗಡಿಯಲ್ಲಿ ಒಂದು ವಿಗ್ರಹವನ್ನೋ ಬಟ್ಟಲನ್ನೋ ಕೈಯಲ್ಲಿ ಹಿಡಿದು “ಇದು ಎಲ್ಲಿಂದ ಬಂದಿತು?” ಎಂದು ಕೇಳಿದರೆ “ಒಂದು ಹಳೆಯ ಮನೆತನದ ಸಂಗ್ರಹದಿಂದ” ಎಂಬ ಉತ್ತರ ಬರುತ್ತದೆ. ಆ ಮನೆತನಕ್ಕೆ ಹೆಸರಿಲ್ಲ, ಊರಿಲ್ಲ. ವಸ್ತುವಿನ ಅಂದವನ್ನು ನೋಡಿ, ಬೆಲೆಯನ್ನು ಕೇಳಿ. ಮೂಲವನ್ನು ಮಾತ್ರ ಕೇಳಬೇಡಿ ಎಂಬುದು ಆ ಉತ್ತರದ ಒಳಾರ್ಥ.

ನಾನು ಇಲ್ಲಿ ಕೇಳಹೊರಟಿರುವುದು ಅಂಥ ಒಂದು ವಸ್ತುವಿನ ಮೂಲವನ್ನು. ಲಂಡನ್ನಿನ ವಿಕ್ಟೋರಿಯ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಚೀನದ ಜೇಡ್ ಕಲ್ಲಿನಿಂದ ಮಾಡಿದ ಒಂದು ಕುದುರೆ ಇದೆ. ಕುದುರೆ ಎಂದೆನಾದರೂ ಪೂರ್ಣ ಕುದುರೆಯಲ್ಲ. ತಲೆ, ಕತ್ತು, ಎದೆಯ ಭಾಗ ಇಷ್ಟೇ ಇರುವುದು. ಎತ್ತರ ಒಂದು ಗೇಣನ್ನು ಮೀರದು. ಚಿತ್ರದಲ್ಲಿ ನೋಡಿದವರಿಗೂ ಅದು ಬಹುಕಾಲ ಮರೆಯುವಂಥದಲ್ಲ. ಹಸಿರು ಕಲ್ಲು, ಅಲ್ಲಲ್ಲಿ ಕಂದು ಛಾಯೆ. ಬಿಗಿದ ದವಡೆ, ಅರಳಿದ ಮೂಗಿನ ಹೊಳ್ಳೆ, ಕೊಬ್ಬಿದ ಕತ್ತು. ಈಗ ತಾನೆ ಲಗಾಮನ್ನು ಕಿತ್ತುಕೊಂಡು ನಿಂತಂತಿದೆ. ಚೀನದ ಹಾನ್ ವಂಶದ ಕಾಲದ್ದು, ಎಂದರೆ ಕ್ರಿ. ಪೂ. 206ರಿಂದ ಕ್ರಿ. ಶ. 220ರ ನಡುವಿನದು ಎಂದು ಸಂಗ್ರಹಾಲಯದವರು ದಾಖಲಿಸಿದ್ದಾರೆ. 1935ರಲ್ಲಿ ಜಾರ್ಜ್ ಯುಮೊರ್ಫೊಪುಲೋಸ್ ಎಂಬಾತನ ಸಂಗ್ರಹದಿಂದ ಕೊಂಡದ್ದೆಂದೂ ಬರೆದಿದ್ದಾರೆ. ಈ ಎರಡು ಸಾಲುಗಳ ನಡುವೆ ಸುಮಾರು ಎರಡು ಸಾವಿರ ವರ್ಷಗಳ ಬಯಲಿದೆ. ಆ ಬಯಲಿನಲ್ಲಿ ಕುದುರೆ ಯಾರ ಯಾರ ಕೈಯಲ್ಲಿತ್ತು?

ಮೊದಲು ಕಲ್ಲಿನ ಮಾತು. ನಮ್ಮಲ್ಲಿ ಪಾರಸಿಯನ್ನು ಬಲ್ಲವರು ಯಶಬ್ ಅಥವಾ ಯಶಮ್ ಎಂದು ಕರೆಯುತ್ತಿದ್ದ ಕಲ್ಲೇ ಜೇಡ್. ಐರೋಪ್ಯರಿಗೆ ಈ ಹೆಸರು ಬಂದದ್ದು ಸ್ಪೇನಿನ ಜನರಿಂದ. ಅಮೆರಿಕದ ಮೂಲನಿವಾಸಿಗಳಿಂದ ಕಲಿತು, ಪಕ್ಕೆಯ ನೋವಿಗೂ ಮೂತ್ರಪಿಂಡದ ಬೇನೆಗೂ ಇದು ಔಷಧವೆಂದು ನಂಬಿದ ಅವರು ಇದನ್ನು ಪಕ್ಕೆಯ ಕಲ್ಲೆಂದು ಕರೆದರು. ಆ ಸ್ಪ್ಯಾನಿಷ್ ಮಾತೇ ಸವೆದು ಜೇಡ್ ಆಯಿತು. ಈ ಒಂದು ಹೆಸರಿನಡಿಯಲ್ಲಿ ನೆಫ್ರೈಟ್, ಜೇಡೈಟ್ ಎಂಬ ಎರಡು ಬೇರೆ ಬೇರೆ ಕಲ್ಲುಗಳು ಸೇರಿಕೊಂಡಿವೆಯೆಂದು 1863ರಲ್ಲಿ ತೋರಿಸಿಕೊಟ್ಟವನು ಫ್ರಾನ್ಸಿನ ಡಮೂರ್ ಎಂಬ ವಿಜ್ಞಾನಿ. ಬರ್ಮಾದ ಜೇಡೈಟ್ ಚೀನದಲ್ಲಿ ಹೆಚ್ಚಾಗಿ ಬಳಕೆಗೆ ಬಂದದ್ದು ಹದಿನೆಂಟನೆಯ ಶತಮಾನದಿಂದ ಈಚೆಗೆ. ಅದಕ್ಕೆ ಮುಂಚಿನ ಚೀನೀ ಜೇಡ್ ಎಂದರೆ ನೆಫ್ರೈಟ್ ಎಂದೇ ತಿಳಿಯಬಹುದು.

ಹಾನ್ ಕಾಲದಲ್ಲಿ ಒಳ್ಳೆಯ ನೆಫ್ರೈಟ್ ಕಲ್ಲಿಗೆ ಮುಖ್ಯ ಆಕರವಾಗಿದ್ದುದು ಮಧ್ಯ ಏಷ್ಯದ ಖೋತಾನ್. ಕುನ್‌ಲುನ್ ಪರ್ವತಗಳಿಂದ ಇಳಿದು ಬರುವ ಯುರುಂಗ್‌ಕಾಷ್, ಕಾರಾಕಾಷ್ ಎಂಬ ಎರಡು ನದಿಗಳು ಈ ಕಲ್ಲನ್ನು ಉರುಳಿಸಿಕೊಂಡು ತರುತ್ತವೆ. ಒಂದರ ಹೆಸರಿಗೆ ಬಿಳಿಯ ಜೇಡಿನ ನದಿಯೆಂದೂ ಇನ್ನೊಂದಕ್ಕೆ ಕರಿಯ ಜೇಡಿನ ನದಿಯೆಂದೂ ಅರ್ಥ. ಪ್ರವಾಹ ಇಳಿದ ಮೇಲೆ ಜನ ನದೀಪಾತ್ರದಲ್ಲಿ ಕಲ್ಲು ಹುಡುಕುತ್ತಿದ್ದರು. ನಮ್ಮ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಣ್ಣಾರೆ ಕಂಡು ವರ್ಣಿಸಿದ ಹ್ಯೂ-ಎನ್-ತ್ಸಾಂಗನು ಸ್ವದೇಶಕ್ಕೆ ಹಿಂತಿರುಗುವಾಗ, ಕ್ರಿ. ಶ. 644ರ ಸುಮಾರಿಗೆ, ಖೋತಾನಿನಲ್ಲಿ ತಂಗಿದ್ದನು. ಅಲ್ಲಿ ಬಿಳಿಯ ಮತ್ತು ಕರಿಯ ಜೇಡ್ ದೊರೆಯುವುದೆಂದು ಅವನೂ ಬರೆದಿಟ್ಟಿದ್ದಾನೆ. ಆದ್ದರಿಂದ ಈ ಕಲ್ಲಿನ ನದೀಮೂಲದ ಬಗ್ಗೆ ಹೆಚ್ಚಿನ ರಹಸ್ಯವೇನೂ ಇಲ್ಲ. ರಹಸ್ಯವಿರುವುದು ಮನುಷ್ಯರ ಕೈಗಳಲ್ಲಿ.

ಜೇಡ್ ಕಲ್ಲನ್ನು ಉಳಿಯಿಂದ ಕೆತ್ತಲು ಬರುವುದಿಲ್ಲ. ಅದರ ಒಳಗಿನ ಎಳೆಗಳು ಕಂಬಳಿಯ ಉಣ್ಣೆಯಂತೆ ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ ಉಳಿ ಜಾರುತ್ತದೆ. ಬೇಲೂರು ಹಳೆಯಬೀಡುಗಳ ಬಳಪದ ಕಲ್ಲಿನೊಡನೆ ಹೋಲಿಸಿದರೆ ಇದು ತದ್ವಿರುದ್ಧ ಸ್ವಭಾವದ ಕಲ್ಲು. ಜೇಡಿಗಿಂತ ಗಟ್ಟಿಯಾದ ಮರಳನ್ನು ನೀರಿನೊಡನೆ ಬೆರೆಸಿ, ತಿರುಗುವ ಉಪಕರಣದಿಂದ ಅದನ್ನು ಕಲ್ಲಿಗೆ ಒತ್ತಿ, ದಿನವೂ ಗಂಧ ತೇಯುವವರ ತಾಳ್ಮೆಯಿಂದ ತೇಯುತ್ತ ಹೋಗಬೇಕು. ಒಂದು ಕಿವಿ ಮೂಡಲು ದಿನಗಳು ಹಿಡಿದಾವು. ಹೀಗೆ ಸಾಣೆ ಹಿಡಿದು ಮಾಡಿದವನು ಅದರ ಮೇಲೆ ತನ್ನ ಹೆಸರನ್ನು ಬರೆಯಲಿಲ್ಲ. ಜೇಡ್ ತುಕ್ಕು ಹಿಡಿಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ, ಸುಲಭವಾಗಿ ಸವೆಯುವುದಿಲ್ಲ. ಮಣ್ಣಿನೊಳಗಿದ್ದರೆ ಬಣ್ಣ ಅಷ್ಟಿಷ್ಟು ಮಾಸಬಹುದು. ಅದನ್ನೂ ಕೃತಕವಾಗಿ ಮಾಡಬಲ್ಲ ಕುಶಲಿಗಳು ಚೀನದಲ್ಲಿ ಹಿಂದಿನಿಂದಲೂ ಇದ್ದಾರೆ. ಸುಂಗ್ ವಂಶದ ಕಾಲದಿಂದ ಹಳೆಯ ಜೇಡಿನ ಮಾದರಿಯಲ್ಲಿ ಹೊಸದನ್ನು ಮಾಡುವುದು ಒಂದು ಗೌರವದ ಕಸುಬೇ ಆಗಿದ್ದಿತು. ಹೀಗಿರುವುದರಿಂದ ಕಲ್ಲನ್ನು ಮಾತ್ರ ನೋಡಿ ಅದರ ವಯಸ್ಸನ್ನು ಖಂಡಿತವಾಗಿ ಹೇಳುವುದು ಬಲ್ಲವರಿಗೂ ಕಷ್ಟ. ಅದು ಯಾವ ನೆಲದಿಂದ ಎದ್ದಿತು, ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಲೆಕ್ಕವೇ ಅದಕ್ಕೆ ಜಾತಕ. ನಮ್ಮ ದಾನಶಾಸನಗಳಲ್ಲಿ ಕೊಟ್ಟವನ ಹೆಸರು, ಪಡೆದವನ ಹೆಸರು, ಭೂಮಿಯ ಚತುಸ್ಸೀಮೆ, ಕಸಿದುಕೊಂಡವನಿಗೆ ಶಾಪ ಎಲ್ಲವೂ ಇರುತ್ತವೆ. ಜೇಡಿನ ಕುದುರೆಗೆ ಅಂಥ ಶಾಸನವಿಲ್ಲ.

ಇನ್ನು ಕುದುರೆಯ ಮಾತು. ಹಾನ್ ವಂಶದ ವೂ ಚಕ್ರವರ್ತಿ ಕ್ರಿ. ಪೂ. 141ರಿಂದ 87ರವರೆಗೆ ಆಳಿದನು. ಉತ್ತರದ ಷ್ಯುಂಗ್‌ನು ಅಲೆಮಾರಿಗಳ ಅಶ್ವಸೇನೆಯನ್ನು ಎದುರಿಸಲು ಅವನಿಗೆ ಒಳ್ಳೆಯ ಕುದುರೆಗಳು ಬೇಕಾಗಿದ್ದವು. ಪಶ್ಚಿಮಕ್ಕೆ ಅವನು ಕಳುಹಿಸಿದ ಚಾಂಗ್ ಚಿಯೆನ್ ಎಂಬ ರಾಯಭಾರಿ ಹತ್ತು ವರ್ಷಗಳಿಗೂ ಹೆಚ್ಚುಕಾಲ ತಿರುಗಾಡಿ ಹಿಂದಿರುಗಿದನು. ಬ್ಯಾಕ್ಟ್ರಿಯದ ಪೇಟೆಯಲ್ಲಿ ತನ್ನ ದೇಶದ್ದೇ ಬಿದಿರುಕೋಲುಗಳನ್ನೂ ಬಟ್ಟೆಯನ್ನೂ ಕಂಡು ಅವನು ಬೆರಗಾಗಿ ವಿಚಾರಿಸಿದಾಗ, ಅವು ಭಾರತದ ದಾರಿಯಾಗಿ ಬಂದವೆಂದು ಅಲ್ಲಿಯವರು ತಿಳಿಸಿದರಂತೆ. ಫರ್ಗಾನಾ ಪ್ರಾಂತದಲ್ಲಿ ರಕ್ತದ ಬೆವರು ಸುರಿಸುವ ಉತ್ತಮ ತಳಿಯ ಅಶ್ವಗಳಿವೆಯೆಂಬ ಸುದ್ದಿಯನ್ನೂ ಅವನೇ ತಂದನು. ಚೀನದವರು ಅವಕ್ಕೆ ದಿವ್ಯಾಶ್ವಗಳೆಂದು ಹೆಸರಿಟ್ಟರು.

ಚಕ್ರವರ್ತಿ ಮೊದಲು ಚಿನ್ನ ಕೊಟ್ಟು ಕೊಳ್ಳಲು ನೋಡಿದನು. ಫರ್ಗಾನಾದವರು ಕೊಡಲೊಪ್ಪಲಿಲ್ಲ, ದೂತನನ್ನು ಕೊಂದರು. ಆಮೇಲೆ ದಂಡಯಾತ್ರೆ. ಕ್ರಿ. ಪೂ. 104ರಲ್ಲಿ ಹೊರಟ ಸೈನ್ಯ ಸೋತು ಬಂದಿತು. ಎರಡನೆಯ ಸಲ ಹೊರಟವರು 60,000 ಮಂದಿ ಎಂದು ಇತಿಹಾಸಕಾರ ಸಿಮಾ ಚಿಯೆನ್ ಬರೆಯುತ್ತಾನೆ. ಹಿಂದಿರುಗಿ ಗಡಿಯ ಬಾಗಿಲನ್ನು ಹೊಕ್ಕವರು 10,000ಕ್ಕಿಂತ ಸ್ವಲ್ಪ ಹೆಚ್ಚು. ಫರ್ಗಾನಾದಿಂದ ಆರಿಸಿಕೊಂಡ ಮೊದಲ ದರ್ಜೆಯ ಕುದುರೆಗಳು ಕೆಲವು ಹತ್ತುಗಳು ಮಾತ್ರ. ಉಳಿದ 3,000 ಸಾಧಾರಣದವು. ಆ ಬಾಗಿಲಿನ ಹೆಸರು ಯೂಮೆನ್, ಎಂದರೆ ಜೇಡ್ ದ್ವಾರ. ಖೋತಾನಿನ ಕಲ್ಲು ಒಳಕ್ಕೆ ಬರುತ್ತಿದ್ದುದೂ ಆ ದ್ವಾರದಿಂದಲೇ. ಕಲ್ಲು ಮತ್ತು ಕುದುರೆ ಒಂದೇ ಬಾಗಿಲಿನಿಂದ ಬಂದುವು. ಒಂದನ್ನು ವ್ಯಾಪಾರ ತಂದಿತು, ಇನ್ನೊಂದನ್ನು ಸೈನ್ಯ ತಂದಿತು. ಲಂಡನ್ನಿನ ಕುದುರೆಯನ್ನು ಕಂಡವರು ಈ ದಿವ್ಯಾಶ್ವಗಳನ್ನು ನೆನೆಯುವುದು ಸಹಜ. ಬಲವಂತದಿಂದ ಪಡೆದ ಪ್ರಾಣಿಯ ಪ್ರತಿರೂಪವೇ ಮುಂದೆ ಇನ್ನೊಬ್ಬರ ಕೈವಶವಾಯಿತೆಂಬುದನ್ನು ಓದುಗರು ಗಮನಿಸಬೇಕು.

ಇಂಥ ಜೇಡ್ ವಸ್ತುಗಳು ನಮ್ಮ ಕಾಲದವರೆಗೆ ಉಳಿದು ಬಂದದ್ದಕ್ಕೆ ದೊಡ್ಡ ಕಾರಣ ಗೋರಿಗಳು. ಜೇಡ್ ದೇಹವನ್ನು ಕೊಳೆಯಗೊಡದೆಂದು ಹಾನ್ ಕಾಲದ ಶ್ರೀಮಂತರು ನಂಬಿದ್ದರು. 1968ರಲ್ಲಿ ಹಬೈ ಪ್ರಾಂತದ ಮಾನ್‌ಚಂಗ್ ಎಂಬಲ್ಲಿ ಲಿಯು ಷಂಗ್ ಎಂಬ ರಾಜಕುಮಾರನ ಗೋರಿ ದೊರೆಯಿತು. ಅವನ ಶವಕ್ಕೆ ತೊಡಿಸಿದ್ದ ಕವಚದಲ್ಲಿ ಚಿನ್ನದ ತಂತಿಯಿಂದ ಹೊಲಿದ 2,498 ಜೇಡ್ ಬಿಲ್ಲೆಗಳಿದ್ದವು. ದೇಹ ಮಾತ್ರ ಮಣ್ಣಾಗಿದ್ದಿತು. ಜೇಡ್ ತನ್ನನ್ನು ಉಳಿಸಿಕೊಂಡಿತು; ಒಡೆಯನನ್ನು ಉಳಿಸಲಿಲ್ಲ. ಆ ಗೋರಿಗಳಲ್ಲಿ ಕವಚದೊಡನೆ ಪಾತ್ರೆ, ಆಭರಣ, ಪ್ರಾಣಿಗಳ ರೂಪಗಳೂ ಇರುತ್ತಿದ್ದವು. ಅವು ಮಾರಾಟಕ್ಕೆಂದು ಮಾಡಿದವಲ್ಲ, ನೋಟಕ್ಕೆಂದೂ ಅಲ್ಲ. ಸತ್ತವನಿಗೆ ಕೊಟ್ಟದ್ದು ಸತ್ತವನದೇ ಎಂಬ ನಂಬಿಕೆಯಿಂದ ಮುಚ್ಚಿಟ್ಟವು.

ಎಲ್ಲ ಜೇಡೂ ಮಣ್ಣಿನಡಿಯೇ ಇದ್ದಿತೆಂದಲ್ಲ. ಅರಮನೆಗಳಲ್ಲಿಯೂ ವಿದ್ವಾಂಸರ ಮೇಜಿನ ಮೇಲೆಯೂ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಪ್ರಾಣಿಗಳು ಇರುತ್ತಿದ್ದವು. ಹದಿನೆಂಟನೆಯ ಶತಮಾನದ ಚಿಯೆನ್‌ಲುಂಗ್ ಚಕ್ರವರ್ತಿ ಜೇಡಿನ ಮೇಲೆ ಪ್ರಾಣವಿಟ್ಟುಕೊಂಡಿದ್ದವನು. ಹಳೆಯ ಜೇಡಿನ ಮೇಲೆ ತನ್ನ ಪದ್ಯಗಳನ್ನು ಕೊರೆಸುವುದು ಅವನಿಗೊಂದು ಹವ್ಯಾಸ. ನಮ್ಮ ಮೊಗಲರ ಕುಶಲಿಗಳು ಮಾಡಿದ ತೆಳುವಾದ ಜೇಡ್ ಬಟ್ಟಲುಗಳನ್ನು ಅವನು ಹಿಂದೂಸ್ಥಾನದ ಕೆಲಸವೆಂದು ಮೆಚ್ಚಿ ಹಾಡಿದ್ದಾನೆ. ಪುರಾತತ್ತ್ವಜ್ಞರು ಅವನ ಪದ್ಯಗಳಿಂದ ವಸ್ತು ಕೆಟ್ಟಿತೆಂದು ಗೊಣಗಬಹುದು. ಆದರೆ ಒಂದು ಉಪಕಾರವನ್ನು ಒಪ್ಪಬೇಕು. ಆ ಪದ್ಯವಿರುವ ಕಲ್ಲು ಯಾರದಾಗಿದ್ದಿತೆಂಬ ಪ್ರಶ್ನೆಗೆ ಒಂದಾದರೂ ಉತ್ತರವಿದೆ.

ಆ ಚಕ್ರವರ್ತಿಯ ಅಚ್ಚುಮೆಚ್ಚಿನ ವಾಸಸ್ಥಾನ ಪೆಕಿಂಗಿನ ಹೊರವಲಯದ ಯುವಾನ್‌ಮಿಂಗ್‌ಯುವಾನ್ ಉದ್ಯಾನದ ಅರಮನೆ. 1860ರ ಅಕ್ಟೋಬರಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೈನ್ಯಗಳು ಅದನ್ನು ಸೂರೆ ಮಾಡಿದವು. ಸಂಧಾನಕ್ಕೆ ಹೋದವರನ್ನು ಚೀನದವರು ಹಿಡಿದು ಹಿಂಸಿಸಿ ಹಲವರನ್ನು ಕೊಂದರೆಂಬ ಕಾರಣದಿಂದ, ಆ ತಿಂಗಳ 18ರಂದು ಲಾರ್ಡ್ ಎಲ್ಗಿನ್‌ನ ಆಜ್ಞೆಯಂತೆ ಅದಕ್ಕೆ ಬೆಂಕಿ ಬಿದ್ದಿತು. ಎರಡು ವರ್ಷಗಳ ತರುವಾಯ ಭಾರತಕ್ಕೆ ವೈಸರಾಯ್ ಆಗಿ ಬಂದವನು ಇದೇ ಎಲ್ಗಿನ್. ಗ್ರೀಸಿನಿಂದ ಪಾರ್ಥೆನಾನ್ ಶಿಲ್ಪಗಳನ್ನು ತೆಗೆಸಿಕೊಂಡು ಹೋದವನು ಇವನ ತಂದೆ. ಈ ದಂಡಯಾತ್ರೆ ನಮಗೂ ತೀರ ಪರರ ಕಥೆಯಲ್ಲ. ಬ್ರಿಟಿಷ್ ಪಡೆಯಲ್ಲಿ ಪಂಜಾಬಿನ ಸಿಪಾಯಿಗಳಿದ್ದರು. ಬೆಂಗಳೂರಿನಲ್ಲಿ ನೆಲೆಯುಳ್ಳ ಮದ್ರಾಸ್ ಸ್ಯಾಪರ್ಸ್ ದಳದವರೂ ಇದ್ದರು. ಆ ದಳದ ಯುದ್ಧಗೌರವಗಳಲ್ಲಿ ‘ಟಾಕು ಕೋಟೆಗಳು’, ‘ಪೆಕಿನ್ 1860’ ಎಂಬ ಹೆಸರುಗಳು ಸೇರಿವೆ. ಆ ಸೂರೆಗೆ ಇಂಗ್ಲಿಷರು ಬಳಸುವ ‘ಲೂಟ್’ ಎಂಬ ಮಾತು ಕೂಡ ಹಿಂದೂಸ್ಥಾನಿಯಿಂದ ಅವರು ಎತ್ತಿಕೊಂಡದ್ದೇ.

ಸೂರೆಯ ನಂತರ ನಡೆದುದು ವಿಚಿತ್ರ. ಬ್ರಿಟಿಷ್ ಸೇನಾಪತಿ ಹೋಪ್ ಗ್ರಾಂಟ್, ತನ್ನ ಅಧಿಕಾರಿಗಳು ತಂದದ್ದನ್ನೆಲ್ಲ ಒಪ್ಪಿಸತಕ್ಕದ್ದೆಂದು ಆಜ್ಞೆ ಮಾಡಿ, ಪಾಳೆಯದಲ್ಲಿಯೇ ಹರಾಜು ಹಾಕಿಸಿದನು. ಬಂದ ಹಣವನ್ನು ದರ್ಜೆಗೆ ತಕ್ಕಂತೆ ಹಂಚಲಾಯಿತು. ಎಂದರೆ ತಂದವರೇ ಕೊಂಡರು. ಕೊಟ್ಟ ಹಣ ತಮ್ಮೊಳಗೇ ಹಂಚಿಕೆಯಾಯಿತು. ಆದರೆ ಆ ಹರಾಜಿನಿಂದ ಸೂರೆಯ ಮಾಲು ಕ್ರಯದ ಮಾಲಾಯಿತು. ಹರಾಜು ಎಂಬ ಗಂಗಾಸ್ನಾನದಲ್ಲಿ ಪಾಪ ತೊಳೆದು ಹೋಯಿತು. ಮುಂದೆ ಲಂಡನ್ನಿನ ಮಾರಾಟದ ಪಟ್ಟಿಗಳಲ್ಲಿ ‘ಬೇಸಗೆಯ ಅರಮನೆಯಿಂದ ಬಂದದ್ದು’ ಎಂಬ ಮಾತು ನಾಚಿಕೆಯದಾಗಿರದೆ ಬೆಲೆ ಏರಿಸುವ ಬಿರುದಾಯಿತು. ಫ್ರಾನ್ಸಿನ ವಿಕ್ಟರ್ ಹ್ಯೂಗೊ 1861ರಲ್ಲಿ ಬರೆದ ಪತ್ರವೊಂದರಲ್ಲಿ ತನ್ನ ದೇಶವನ್ನೂ ಬಿಡದೆ ಇದನ್ನು ದರೋಡೆಯೆಂದೇ ಕರೆದನು.

ನಮ್ಮ ಕುದುರೆ ಆ ಅರಮನೆಯಿಂದ ಬಂದದ್ದೆಂದು ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ಆದರೆ ಯೂರೋಪಿನಲ್ಲಿ ಚೀನೀ ಜೇಡಿನ ಆಸೆ ಹೆಚ್ಚಿದ್ದು ಆ ಸೂರೆಯ ಮೇಲೆ. ಮೊದಮೊದಲು ಅವರು ಬಯಸಿದ್ದು ಅರಮನೆಯ ನುಣುಪಾದ, ಹೊಸ ಕೆಲಸವನ್ನು. ಹಾನ್, ಟಾಂಗ್ ಕಾಲಗಳ ಪ್ರಾಚೀನ ವಸ್ತುಗಳು ದೊಡ್ಡ ಸಂಖ್ಯೆಯಲ್ಲಿ ಪೇಟೆಗೆ ಬಂದದ್ದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಲೋಯಾಂಗ್ ಸುತ್ತಮುತ್ತ ರೈಲುದಾರಿ ಹಾಕಲು ದಿಬ್ಬಗಳನ್ನು ಕಡಿದಾಗ ಗೋರಿಗಳು ಬಾಯ್ದೆರೆದವು. 1911ರ ಕ್ರಾಂತಿಯ ಮೇಲೆ ದೇಶದಲ್ಲಿ ಹೇಳುವವರು ಕೇಳುವವರು ಇಲ್ಲದಂತಾಯಿತು. ಹಳ್ಳಿಯವನು ಅಗೆದದ್ದು ಊರಿನ ದಲ್ಲಾಳಿಗೆ, ಅವನಿಂದ ಪೆಕಿಂಗಿಗೆ ಅಥವಾ ಷಾಂಘೈಗೆ, ಅಲ್ಲಿಂದ ಪ್ಯಾರಿಸ್, ಲಂಡನ್, ನ್ಯೂಯಾರ್ಕುಗಳಿಗೆ ಹರಿಯಿತು. ಪ್ರತಿಯೊಂದು ಕೈ ಬದಲಾದಾಗಲೂ ಬೆಲೆ ಏರುತ್ತಿದ್ದಿತು, ನೆನಪು ಅಳಿಯುತ್ತಿದ್ದಿತು. ಟಾಂಗ್ ವಂಶದ ತಾಯ್‌ತ್ಸುಂಗ್ ಚಕ್ರವರ್ತಿಯ ಸಮಾಧಿಯಲ್ಲಿ ಅವನ ಆರು ಯುದ್ಧಾಶ್ವಗಳ ದೊಡ್ಡ ಶಿಲಾಫಲಕಗಳಿದ್ದವು. ಅವುಗಳಲ್ಲಿ ಎರಡು ಸಿ. ಟಿ. ಲೂ ಎಂಬ ಪ್ರಖ್ಯಾತ ವರ್ತಕನ ಮೂಲಕ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯದ ಸಂಗ್ರಹಾಲಯವನ್ನು ಸೇರಿದವು. ಉಳಿದ ನಾಲ್ಕು ಷೀಆನ್ ನಗರದಲ್ಲಿವೆ. ಒಂದೇ ಲಾಯದ ಆರು ಕುದುರೆಗಳು ಎರಡು ಖಂಡಗಳಲ್ಲಿ ನಿಂತಿವೆ. ಅಷ್ಟು ಭಾರದ ಬಂಡೆಗಳನ್ನೇ ಸಾಗಿಸಿದವರಿಗೆ ಒಂದು ಗೇಣಿನ ಜೇಡ್ ಎಷ್ಟರದು? ಅಂಗಿಯ ತೋಳಿನಲ್ಲಿ ಅಡಗಿಸಬಹುದು.

ಈಗ ಆ ಕುದುರೆಯ ಹೆಸರು ತಿಳಿದ ಒಡೆಯನ ಬಳಿಗೆ ಬರೋಣ. ಜಾರ್ಜ್ ಯುಮೊರ್ಫೊಪುಲೋಸ್ ಗ್ರೀಕ್ ಮನೆತನದವನು. 1863ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಹುಟ್ಟಿದನು. ಅವನು ದುಡಿದದ್ದು ರಾಲಿ ಬ್ರದರ್ಸ್ ಎಂಬ ವ್ಯಾಪಾರ ಸಂಸ್ಥೆಯಲ್ಲಿ. ಈ ಹೆಸರು ನಮ್ಮ ಹಿರಿಯರಿಗೆ ಹೊಸದಲ್ಲ. ಭಾರತದ ಹತ್ತಿ, ಸೆಣಬುಗಳನ್ನು ಕೊಂಡು ಹೊರದೇಶಕ್ಕೆ ಸಾಗಿಸುತ್ತಿದ್ದ ಬಹು ದೊಡ್ಡ ಸಂಸ್ಥೆಗಳಲ್ಲಿ ಅದೂ ಒಂದು. ಹೀಗೆ ಚೀನದ ಕುದುರೆಯನ್ನು ಕೊಂಡ ಹಣದಲ್ಲಿ ನಮ್ಮ ರೈತರ ಹತ್ತಿಯ ಪಾಲೂ ಇದ್ದಿತೆನ್ನಲು ಅಡ್ಡಿಯಿಲ್ಲ.

ಈತನನ್ನು ಬರಿಯ ಧನಿಕನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಚೀನದ ಕಲೆಯಲ್ಲಿ ಅವನಿಗಿದ್ದ ಕಣ್ಣು ಅಪೂರ್ವವಾದುದು. ಉಳಿದವರು ನೀಲಿ ಬಿಳಿ ಪಿಂಗಾಣಿಯ ಹಿಂದೆ ಹೋಗುತ್ತಿದ್ದಾಗ ಅವನು ಗೋರಿಗಳಿಂದ ಬಂದ ಹಳೆಯ ಮಣ್ಣಿನ ಬೊಂಬೆಗಳಲ್ಲಿ, ಕಂಚಿನಲ್ಲಿ, ಜೇಡಿನಲ್ಲಿ ಸೌಂದರ್ಯವನ್ನು ಕಂಡನು. 1921ರಲ್ಲಿ ಕೆಲವು ಗೆಳೆಯರು ಸೇರಿ ಪೌರಸ್ತ್ಯ ಪಿಂಗಾಣಿಯ ಅಧ್ಯಯನಕ್ಕೆಂದು ಸಂಘವೊಂದನ್ನು ಕಟ್ಟಿದಾಗ ಅವನೇ ಅದರ ಮೊದಲ ಅಧ್ಯಕ್ಷನಾದನು. ಥೇಮ್ಸ್ ನದಿಯ ದಂಡೆಯ ಮೇಲಿದ್ದ ಅವನ ಮನೆ ವಿದ್ವಾಂಸರಿಗೂ ಕಲಾಸಕ್ತರಿಗೂ ತೆರೆದಿದ್ದಿತು. ತನ್ನ ಸಂಗ್ರಹವನ್ನೆಲ್ಲ ರಾಷ್ಟ್ರಕ್ಕೆ ಬಿಟ್ಟುಹೋಗಬೇಕೆಂಬುದು ಅವನ ಇಚ್ಛೆ. ಆದರೆ 1930ರ ನಂತರದ ಆರ್ಥಿಕ ಮುಗ್ಗಟ್ಟು ಅವನನ್ನೂ ತಟ್ಟಿತು. ಕೊನೆಗೆ ಅದರ ಮುಖ್ಯ ಭಾಗವನ್ನು ಬ್ರಿಟಿಷ್ ಮ್ಯೂಸಿಯಂಗೂ ವಿಕ್ಟೋರಿಯ ಮತ್ತು ಆಲ್ಬರ್ಟ್ ಸಂಗ್ರಹಾಲಯಕ್ಕೂ ಸೇರಿಸಿ 1,00,000 ಪೌಂಡಿಗೆ ಮಾರಿದನು. ಪೇಟೆಯಲ್ಲಿ ಇನ್ನೂ ಬಹಳ ಬರುತ್ತಿದ್ದಿತು. ಕುದುರೆ ಸಾರ್ವಜನಿಕ ಸೊತ್ತಾದುದು ಹೀಗೆ. 1939ರಲ್ಲಿ ಅವನು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದುದೂ ಹರಾಜಾಗಿ ಚದುರಿತು.

ಹೀಗೆ 1935ರಿಂದ ಈಚೆಗೆ ಲೆಕ್ಕ ಶುದ್ಧವಾಗಿದೆ. ಕೊಂಡವನು ಸಜ್ಜನ, ಕೊಟ್ಟ ಬೆಲೆಗೆ ರಸೀತಿಯಿದೆ, ಇಟ್ಟ ಜಾಗಕ್ಕೆ ಬೀಗವಿದೆ, ನೋಡಬಂದವರಿಗೆ ಬಾಗಿಲು ತೆರೆದಿದೆ. ಆದರೂ ಒಂದು ಕೊರತೆ ಹಾಗೆಯೇ ಉಳಿಯುತ್ತದೆ. ಅದೆಷ್ಟು ದೊಡ್ಡದೆಂಬುದನ್ನು ತಿಳಿಯಲು ಇನ್ನೊಂದು ಕುದುರೆಯನ್ನು ನೋಡಬೇಕು.

1966ರಲ್ಲಿ ಷಾನ್‌ಷಿ ಪ್ರಾಂತದ ಷಿಯೆನ್‌ಯಾಂಗ್ ಬಳಿ ಒಂದು ಜೇಡ್ ಕುದುರೆ ದೊರೆಯಿತು. ಎತ್ತರ ಸುಮಾರು 7 ಸೆಂಟಿಮೀಟರ್; ಉದ್ದ 9ಕ್ಕಿಂತ ಕಡಿಮೆ. ಬಿಳಿಯ ಕಲ್ಲು. ಕುದುರೆಗೆ ರೆಕ್ಕೆಗಳಿವೆ, ಬೆನ್ನಿನ ಮೇಲೆ ಅಮರಲೋಕದವನೆಂದು ತೋರುವ ಸವಾರನಿದ್ದಾನೆ, ಕಾಲಡಿಯ ಹಲಗೆಯಲ್ಲಿ ಮೋಡಗಳ ರೇಖೆಗಳಿವೆ. ಅದು ಸಿಕ್ಕಿದ್ದು ಕ್ರಿ. ಪೂ. 48ರಿಂದ 33ರವರೆಗೆ ಆಳಿದ ಯುವಾನ್ ಚಕ್ರವರ್ತಿಯ ವೈಲಿಂಗ್ ಸಮಾಧಿಯ ಸಮೀಪದಲ್ಲಿ. ಅದೇ ಪ್ರದೇಶದಲ್ಲಿ ಜೇಡಿನ ಕರಡಿ, ಹದ್ದು, ರೆಕ್ಕೆಯ ಮೃಗಗಳೂ ದೊರೆತವು. ಗಾತ್ರದಲ್ಲಿ ಇದು ಲಂಡನ್ನಿನ ಕುದುರೆಗಿಂತ ತೀರ ಚಿಕ್ಕದು. ಆದರೆ ಇದು ಮಾತನಾಡುತ್ತದೆ. ಹಾನ್ ರಾಜಧಾನಿಯ ಎದುರಿಗೆ, ಚಕ್ರವರ್ತಿಯ ಸಮಾಧಿಯ ಸನಿಹದಲ್ಲಿ, ಇಂಥ ಕುದುರೆಗಳು ಇದ್ದವು. ಅವು ಬರಿಯ ಆಟಿಕೆಗಳಲ್ಲ, ಅಮರಲೋಕಕ್ಕೆ ಒಯ್ಯುವ ವಾಹನಗಳು ಎಂದು ಇದನ್ನು ನೋಡಿ ನಾವು ಹೇಳಬಲ್ಲೆವು. ಯುದ್ಧಕ್ಕೆಂದು ಫರ್ಗಾನಾದಿಂದ ತಂದ ಪ್ರಾಣಿ ಎರಡು ಮೂರು ತಲೆಮಾರುಗಳಲ್ಲಿ ಸ್ವರ್ಗದ ಪ್ರಾಣಿಯಾದ ಬಗೆ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಲಂಡನ್ನಿನ ಕುದುರೆಯ ಕಾಲವನ್ನು ಗೊತ್ತುಮಾಡಬೇಕಾದರೆ ಇಂದು ವಿದ್ವಾಂಸರು ಇಂಥ ನೆಲ ತಿಳಿದ ವಸ್ತುಗಳ ಕಡೆಗೇ ತಿರುಗಬೇಕು. ಶ್ರೀಮಂತನಾದ ಅಣ್ಣನಿಗೆ ಬಡ ತಮ್ಮನ ಸಾಕ್ಷಿ ಬೇಕಾದಂತಾಗಿದೆ. ದೊಡ್ಡ ಕುದುರೆ ಯಾರ ಗೋರಿಯದು? ಅದರ ಬೆನ್ನ ಮೇಲೂ ಒಬ್ಬ ಸವಾರನಿದ್ದನೇ? ದೇಹದ ಉಳಿದ ಭಾಗ ಎಲ್ಲಿ? ಅಗೆದವನ ಗುದ್ದಲಿಯ ಪಕ್ಕದಲ್ಲಿ ಒಬ್ಬ ಲೆಕ್ಕ ಬರೆಯುವವನು ನಿಂತಿದ್ದರೆ ಈ ಪ್ರಶ್ನೆಗಳಿಗೆಲ್ಲ ಒಂದು ಗಂಟೆಯಲ್ಲಿ ಉತ್ತರ ಸಿಗುತ್ತಿದ್ದಿತು. ಕುದುರೆ ಹೋದುದಷ್ಟೇ ಚೀನದ ನಷ್ಟವಲ್ಲ. ಕುದುರೆ ಬಲ್ಲ ಸಂಗತಿಗಳು ಹೋದವು. ಅದು ಕೊಂಡವರಿಗೂ ನಷ್ಟ, ನಮಗೂ ನಷ್ಟ. ವಸ್ತುವನ್ನು ಹಿಂದಿರುಗಿಸಬಹುದು, ಈ ನಷ್ಟವನ್ನು ತುಂಬಿಕೊಡುವ ಉಪಾಯ ಯಾವ ಸರ್ಕಾರದ ಕೈಯಲ್ಲೂ ಇಲ್ಲ.

ಸಂಗ್ರಹಾಲಯದ ಗಾಜಿನ ಬೀರುವಿಗೆ ಬಂದ ಮೇಲಾದರೂ ಒಡೆತನದ ಕಥೆ ಮುಗಿಯಿತೆಂದು ತಿಳಿಯಬೇಕಾಗಿಲ್ಲ. 2012ರ ಏಪ್ರಿಲಿನಲ್ಲಿ ಇಂಗ್ಲೆಂಡಿನ ಡರ್ಹಮ್ ನಗರದ ಪೌರಸ್ತ್ಯ ಸಂಗ್ರಹಾಲಯದ ಗೋಡೆಗೆ ಕನ್ನ ಕೊರೆದು ಕಳ್ಳರು 1769ರ ಒಂದು ಜೇಡ್ ಬಟ್ಟಲನ್ನೂ ಒಂದು ಪಿಂಗಾಣಿಯ ಬೊಂಬೆಯನ್ನೂ ಒಯ್ದರು. ಬಯಲಿನಲ್ಲಿ ಬಚ್ಚಿಟ್ಟ ಜಾಗವನ್ನು ತಾವೇ ಮರೆತುಬಿಟ್ಟದ್ದರಿಂದ ಕೆಲವೇ ದಿನಗಳಲ್ಲಿ ಅವು ಪೋಲೀಸರಿಗೆ ಸಿಕ್ಕಿದವು. ಅದೇ ತಿಂಗಳ 13ರಂದು ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ಸಂಗ್ರಹಾಲಯದಿಂದ ಹದಿನೆಂಟು ಚೀನೀ ವಸ್ತುಗಳು ಕಳುವಾದವು. ಹೆಚ್ಚಿನವು ಜೇಡ್. ಅವುಗಳಲ್ಲಿ ಹದಿನಾರನೆಯ ಶತಮಾನದ ಒಂದು ಎಮ್ಮೆ, ಹದಿನೇಳನೆಯ ಶತಮಾನದ ಒಂದು ಕುದುರೆ, ಹಸಿರು ಕಂದು ಬಣ್ಣದ ಒಂದು ಆನೆ ಸೇರಿದ್ದವು. ಇಂಥ ಕಳವುಗಳ ಸಂಚು ಹೂಡಿದ ತಂಡದ 14 ಮಂದಿಗೆ ಶಿಕ್ಷೆಯಾಯಿತು. ಪ್ರಕರಣ ಮುಗಿದ 2016ರಲ್ಲೂ ಪ್ರಾಣಿಗಳು ಹಿಂದಿರುಗಿರಲಿಲ್ಲ. ಚೀನದ ಹೊಸ ಶ್ರೀಮಂತಿಕೆಯಿಂದ ಜೇಡಿನ ಬೆಲೆ ಗಗನಕ್ಕೇರಿದ್ದೇ ಈ ಕಳವಿಗೆ ಪ್ರೇರಣೆ. ಮುಂದೊಂದು ದಿನ ಆ ಎಮ್ಮೆ ಯಾವುದೋ ಅಂಗಡಿಯಲ್ಲಿ ‘ಒಂದು ಹಳೆಯ ಮನೆತನದ ಸಂಗ್ರಹದಿಂದ’ ಎಂಬ ಚೀಟಿಯೊಡನೆ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ. ಕೇಂಬ್ರಿಜ್‌ನವರ ಬಳಿ ಅದರ ಛಾಯಾಚಿತ್ರವಿದೆ, ಅಳತೆಯಿದೆ. ಆದ್ದರಿಂದ ಅವರು ‘ಇದು ನಮ್ಮದು’ ಎಂದು ಹೇಳಬಲ್ಲರು. 1900ರ ಸುಮಾರಿನಲ್ಲಿ ಗೋರಿ ಕಳೆದುಕೊಂಡ ಹಳ್ಳಿಗೆ ಅಂಥ ಕಾಗದ ಯಾವುದಿದ್ದಿತು?

ಕಾನೂನುಗಳು ಬಂದವು. ಪ್ರಾಚೀನ ವಸ್ತುಗಳ ರಕ್ಷಣೆಗಾಗಿ ಚೀನ 1930ರಲ್ಲಿ ಶಾಸನ ಮಾಡಿತು. 1970ರಲ್ಲಿ ಯುನೆಸ್ಕೊ ಒಪ್ಪಂದವಾಯಿತು. ನಮ್ಮ ದೇಶದಲ್ಲಿ 1972ರ ಪುರಾತನ ವಸ್ತುಗಳ ಕಾಯಿದೆ ಬಂದಿತು. ಆದರೂ ಸುಳ್ಳು ಜಾತಕ ಬರೆಯುವವರು ನಿಂತಿಲ್ಲ. ತಮಿಳುನಾಡಿನ ಶ್ರೀಪುರಂದಾನ್ ಗ್ರಾಮದ ದೇವಾಲಯದ ನಟರಾಜನು ಕಟ್ಟುಕಥೆಯ ಕಾಗದಗಳೊಡನೆ ಆಸ್ಟ್ರೇಲಿಯದ ರಾಷ್ಟ್ರೀಯ ಕಲಾಶಾಲೆಯನ್ನು ಸೇರಿದ್ದನು. ಅವನು 2014ರಲ್ಲಿ ಹಿಂದಿರುಗಿದ್ದಕ್ಕೆ ಒಂದು ದೊಡ್ಡ ಆಧಾರ, ವಿಗ್ರಹ ದೇವಾಲಯದಲ್ಲಿದ್ದಾಗ ತೆಗೆದು ಪುದುಚೇರಿಯ ಫ್ರೆಂಚ್ ಸಂಸ್ಥೆಯಲ್ಲಿ ಜೋಪಾನವಾಗಿಟ್ಟಿದ್ದ ಛಾಯಾಚಿತ್ರ. ದೊಡ್ಡ ಸೈನ್ಯವಲ್ಲ, ದೊಡ್ಡ ಹಣವಲ್ಲ. ಯಾರೋ ಒಬ್ಬರು ಸಮಯಕ್ಕೆ ಸರಿಯಾಗಿ ತೆಗೆದಿಟ್ಟ ಒಂದು ಚಿತ್ರ ದೇವರನ್ನು ಊರಿಗೆ ತಂದಿತು. ನಮ್ಮ ಹಳ್ಳಿಗಳ ಗುಡಿಗಳಲ್ಲಿ, ಹೊಲದ ಬದುಗಳಲ್ಲಿ ಇಂದಿಗೂ ಲೆಕ್ಕಕ್ಕೆ ಸಿಗದ ವೀರಗಲ್ಲುಗಳೂ ವಿಗ್ರಹಗಳೂ ಎಷ್ಟೋ ಇವೆ. ಅವುಗಳ ಚಿತ್ರ, ಅಳತೆ, ಇರುವ ಜಾಗ ಇಷ್ಟನ್ನು ಊರ ಶಾಲೆಯ ಮಕ್ಕಳು ಕೂಡ ಒಂದು ಪುಸ್ತಕದಲ್ಲಿ ಬರೆದಿಡಬಲ್ಲರು.

ಲಂಡನ್ನಿನ ಕುದುರೆಯನ್ನು ಹಿಂದಿರುಗಿಸಬೇಕೇ ಎಂದು ಕೇಳಿದರೆ, ಯಾವ ಊರಿಗೆ ಎಂಬುದೇ ಮೊದಲ ತೊಡಕು. ಚೀನಕ್ಕೆ ಎಂದು ಹೇಳುವುದು ಸುಲಭ. ಆದರೆ ಅದನ್ನು ಯಾರ ತಲೆದೆಸೆಯಲ್ಲಿ ಇರಿಸಿದ್ದರೋ ಅವನ ಹೆಸರನ್ನೇ ಅಳಿಸಿ ಆಗಿದೆ. ಸತ್ತವನಿಗೆ ಕೊಟ್ಟ ಕುದುರೆಗೆ ವರ್ತಕರು, ಧನಿಕರು, ರಾಷ್ಟ್ರಗಳು ಒಬ್ಬರ ಮೇಲೊಬ್ಬರು ಒಡೆಯರಾದರು. ಮೊದಲ ಒಡೆಯ ಮಾತ್ರ ಪಟ್ಟಿಯಲ್ಲಿಲ್ಲ. ಋಷಿಮೂಲ, ನದೀಮೂಲಗಳನ್ನು ಕೇಳದಿರುವುದು ವಿನಯವೇ ಸರಿ. ವಸ್ತುವಿನ ಮೂಲವನ್ನು ಮಾತ್ರ ಕೇಳಲೇಬೇಕು. ಮಣ್ಣು ಇನ್ನೂ ಹಸಿಯಾಗಿರುವಾಗಲೇ, ಅಗೆದವನು ಎದುರಿಗಿರುವಾಗಲೇ ಕೇಳಬೇಕು. ಆಮೇಲೆ ಕೇಳಿದರೆ ಕುದುರೆ ಉತ್ತರ ಕೊಡುವುದಿಲ್ಲ.